ಗ್ರೀಕ್ ದೇವತೆಗಳು ಮತ್ತು ಕನ್ನಡದ ರುದ್ರನಾಟಕ

ಪ್ರಾಚೀನ ಗ್ರೀಸಿನ ದೇವತೆಗಳನ್ನು ಕನ್ನಡದ ವಿದ್ಯಾರ್ಥಿಗೆ ಪರಿಚಯ ಮಾಡಿಕೊಡುವ ಕ್ರಮವೊಂದು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಜ್ಯೂಸನೆಂದರೆ ಇಂದ್ರ, ಪೊಸೈಡನನೆಂದರೆ ವರುಣ, ಹೇಡೀಸನೆಂದರೆ ಯಮ, ಅಥೀನಾ ಎಂದರೆ ಸರಸ್ವತಿ, ಅಫ್ರೊಡೈಟಿ ಎಂದರೆ ರತಿ ಎಂದು ಹೇಳಿ ಮುಂದಕ್ಕೆ ಸಾಗುವುದು ಆ ಕ್ರಮ. ಇದರಿಂದ ಪಾಠ ಸುಲಭವಾಗುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೀಗೆ ಕಲಿತ ವಿದ್ಯಾರ್ಥಿಯು ಸೊಫೊಕ್ಲೀಸನ ಒಂದು ನಾಟಕವನ್ನು ಓದಲು ಕುಳಿತಾಗ ಮೊದಲ ದೃಶ್ಯದಲ್ಲಿಯೇ ಎಡವುತ್ತಾನೆ. ಅಲ್ಲಿ ‘ಸರಸ್ವತಿ’ಯು ಒಬ್ಬ ಮಹಾವೀರನಿಗೆ ಹುಚ್ಚು ಹಿಡಿಸಿ, ಅವನು ದನಕುರಿಗಳನ್ನು ಕೊಲ್ಲುವಂತೆ ಮಾಡಿ, ಆ ನೋಟವನ್ನು ಅವನ ಶತ್ರುವಿಗೆ ಕರೆದು ತೋರಿಸಿ ನಗುತ್ತಿರುತ್ತಾಳೆ. ಅಂಥ ಸರಸ್ವತಿಯನ್ನು ನಮ್ಮ ವಿದ್ಯಾರ್ಥಿ ಎಲ್ಲಿಯೂ ಕಂಡವನಲ್ಲ.

ಈ ಸಮೀಕರಣದ ಚಟ ನಮ್ಮದೇ ಆದುದೇನೂ ಅಲ್ಲ. ಸರ್ ವಿಲಿಯಂ ಜೋನ್ಸನು ಗ್ರೀಸ್, ಇಟಲಿ ಮತ್ತು ಭಾರತಗಳ ದೇವತೆಗಳನ್ನು ಕುರಿತು 1784ರಲ್ಲಿ ಬರೆದ ಪ್ರಬಂಧದಲ್ಲಿಯೇ ಗಣೇಶನ ಪಕ್ಕದಲ್ಲಿ ರೋಮನರ ಜೇನಸನನ್ನೂ ಇಂದ್ರನ ಪಕ್ಕದಲ್ಲಿ ಜ್ಯುಪಿಟರನನ್ನೂ ನಿಲ್ಲಿಸಿದ್ದನು. ಅನಂತರ ಬಂದ ಭಾಷಾಶಾಸ್ತ್ರಜ್ಞರು ಹೆಚ್ಚು ಎಚ್ಚರಿಕೆಯಿಂದ ನಡೆದು, ಜ್ಯೂಸ್ ಎಂಬ ಹೆಸರಿಗೆ ನಿಜವಾದ ಜ್ಞಾತಿ ಇಂದ್ರನಲ್ಲ, ಋಗ್ವೇದದ ದ್ಯೌಃ ಎಂದು ತೋರಿಸಿಕೊಟ್ಟರು. ಅದು ಶಬ್ದದ ಮಟ್ಟಿಗೆ ನಿರ್ವಿವಾದ. ಆದರೆ ವೇದದ ದ್ಯೌಃ ಎಂಬ ದೇವತೆ ಪಿತೃವೆನಿಸಿಕೊಂಡು ಆಕಾಶವಾಗಿ ಉಳಿದನೇ ಹೊರತು, ಜ್ಯೂಸನಂತೆ ಸಭೆ ನಡೆಸಲಿಲ್ಲ, ಪಕ್ಷ ಹಿಡಿಯಲಿಲ್ಲ, ಮಗನ ಸಾವಿಗೆ ನೆತ್ತರ ಮಳೆ ಸುರಿಸಲಿಲ್ಲ. ಹೆಸರು ಒಂದೇ ಮನೆಯದಾದರೂ ಬಾಳು ಬೇರೆ. ದೇವತೆಯನ್ನು ಅದರ ಹೆಸರಿನಿಂದಾಗಲಿ ಅಧಿಕಾರದಿಂದಾಗಲಿ ಅಳೆಯಬಾರದು. ಅದು ಕಥೆಯೊಳಗೆ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದರಿಂದ ಅಳೆಯಬೇಕು. ಈ ಅಳತೆಯನ್ನು ಕನ್ನಡದಲ್ಲಿ ಆಗಿರುವ ಗ್ರೀಕ್ ನಾಟಕಗಳ ಅವತರಣಕ್ಕೆ ಹಿಡಿದು ನೋಡುವುದು ನಮ್ಮ ಉದ್ದೇಶ.

ಆ ಕೆಲಸದಲ್ಲಿ ಮೊದಲು ನೆನೆಯಬೇಕಾದವರು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು. 1926ರಲ್ಲಿ ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕ’ವನ್ನು ರೂಪಿಸಿದ ಅವರು, 1929ರಲ್ಲಿ ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದ ಮಾದರಿಯಲ್ಲಿ ‘ಅಶ್ವತ್ಥಾಮನ್’ ಅನ್ನೂ, 1935ರಲ್ಲಿ ಈಸ್ಕಿಲಸನ ನಾಟಕದ ಅನುವಾದವಾಗಿ ‘ಪಾರಸಿಕರು’ ಎಂಬುದನ್ನೂ ಕೊಟ್ಟರು. ಒಂದು ರೂಪಾಂತರ, ಇನ್ನೊಂದು ಭಾಷಾಂತರ. ಗ್ರೀಕ್ ದೇವತೆಗಳ ವಿಷಯದಲ್ಲಿ ಕನ್ನಡಕ್ಕೆ ತೆರೆದಿದ್ದ ದಾರಿಗಳು ಎರಡೇ: ಅವರನ್ನು ಕಳಚಿ ನಮ್ಮವರನ್ನು ತೊಡಿಸುವುದು, ಇಲ್ಲವೆ ಅವರ ಹೆಸರಿನಿಂದಲೇ ಅವರನ್ನು ಕರೆತರುವುದು. ಆರೇ ವರ್ಷಗಳ ಅಂತರದಲ್ಲಿ ಒಬ್ಬರೇ ಕವಿ ಎರಡು ದಾರಿಗಳನ್ನೂ ತುಳಿದು ನೋಡಿದರು.

‘ಏಜಾಕ್ಸ್’ ನಾಟಕದ ವಸ್ತುವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಟ್ರಾಯ್ ಯುದ್ಧದಲ್ಲಿ ಅಕಿಲೀಸನು ಸತ್ತಮೇಲೆ ಅವನ ಆಯುಧಗಳು ಏಜಾಕ್ಸನಿಗೆ ಸಲ್ಲದೆ ಒಡಿಸ್ಯೂಸನ ಪಾಲಾಗುತ್ತವೆ. ಅವಮಾನದಿಂದ ಕೆರಳಿದ ಏಜಾಕ್ಸ್ ರಾತ್ರಿಯಲ್ಲಿ ಗ್ರೀಕ್ ನಾಯಕರನ್ನೆಲ್ಲ ಕೊಲ್ಲಲು ಹೊರಡುತ್ತಾನೆ. ಅಥೀನಾ ಅವನ ಕಣ್ಣಿಗೆ ಮಂಕು ಕವಿಸುತ್ತಾಳೆ; ಅವನು ಸೈನ್ಯದ ದನಕುರಿಗಳನ್ನು ನಾಯಕರೆಂದು ಭ್ರಮಿಸಿ ಕಡಿಯುತ್ತಾನೆ. ಬೆಳಗಾಗಿ ತಿಳಿವು ಬಂದಾಗ ನಾಚಿಕೆಯನ್ನು ತಾಳಲಾರದೆ, ಹೆಕ್ಟರನು ಹಿಂದೆ ಕಾಣಿಕೆಯಾಗಿ ಕೊಟ್ಟಿದ್ದ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಉಳಿದರ್ಧವೆಲ್ಲ ಅವನ ಶವಕ್ಕೆ ಸಂಸ್ಕಾರ ಸಲ್ಲಬೇಕೆ ಬೇಡವೆ ಎಂಬ ವಾದ. ಕೊನೆಗೆ ಅದನ್ನು ಕೊಡಿಸುವವನು ಶತ್ರುವಾದ ಒಡಿಸ್ಯೂಸನೇ.

ಶ್ರೀಯವರ ಕಣ್ಣು ಈ ಕಥೆಗೆ ಸಮಾನವಾದ ವ್ಯಕ್ತಿಯನ್ನು ಮಹಾಭಾರತದಲ್ಲಿ ಹುಡುಕಿ ಅಶ್ವತ್ಥಾಮನ ಮೇಲೆ ನಿಂತುದು ಅಸಾಧಾರಣವಾದ ವಿಮರ್ಶನ ಪ್ರತಿಭೆಯ ಫಲ. ಸೋತ ಪಕ್ಷದ ವೀರ, ರಾತ್ರಿಯ ಕೊಲೆ, ಶಿಬಿರ, ಕೋಪ, ಅವಮಾನ — ಎಲ್ಲವೂ ಹೊಂದಿಕೊಳ್ಳುತ್ತವೆ. ಪರಂಪರೆಯು ಚಿರಂಜೀವಿಯೆಂದು ನಂಬಿದವನನ್ನು ಅವರು ರಂಗದ ಮೇಲೆ ಸಾಯಿಸಿದರೆಂಬುದನ್ನು ಕುರಿತು ನಡೆದಿರುವ ಚರ್ಚೆ ಎಲ್ಲರಿಗೂ ತಿಳಿದಿದೆ. ಅದನ್ನು ನಾವು ಮತ್ತೆ ಎತ್ತಿಕೊಳ್ಳುವುದಿಲ್ಲ. ಕವಿಗೆ ಆ ಸ್ವಾತಂತ್ರ್ಯ ಉಂಟು. ನಮ್ಮ ಪ್ರಶ್ನೆ ಬೇರೆ. ಚಿರಂಜೀವಿತ್ವಕ್ಕಿಂತ ದೊಡ್ಡ ತೊಡಕು ಈ ಹೋಲಿಕೆಯ ಬುಡದಲ್ಲಿದೆ. ಅದು ದೈವಕ್ಕೆ ಸಂಬಂಧಿಸಿದ್ದು.

ವ್ಯಾಸರ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನು ಪಾಂಡವರ ಶಿಬಿರದ ಬಾಗಿಲಿಗೆ ಬಂದಾಗ ಒಂದು ಮಹಾಭೂತ ಅಡ್ಡ ನಿಂತು ಅವನ ಅಸ್ತ್ರಗಳನ್ನೆಲ್ಲ ನುಂಗುತ್ತದೆ. ಅವನು ತನ್ನನ್ನೇ ಬಲಿಯಾಗಿ ಶಿವನಿಗೆ ಅರ್ಪಿಸಿಕೊಳ್ಳುತ್ತಾನೆ. ಶಿವನು ಪ್ರಸನ್ನನಾಗುತ್ತಾನೆ, ಇಷ್ಟು ದಿನ ಕೃಷ್ಣನ ಮೇಲಿನ ಗೌರವದಿಂದ ಪಾಂಚಾಲರನ್ನು ಕಾದಿದ್ದೆನೆಂದೂ ಅವರ ಕಾಲ ಈಗ ಮುಗಿಯಿತೆಂದೂ ತಿಳಿಸಿ, ಖಡ್ಗವನ್ನು ಕೊಟ್ಟು, ಅವನ ಮೈಯನ್ನು ಹೊಗುತ್ತಾನೆ. ಅನಂತರ ನಡೆಯುವುದು ನಿಜವಾದ ಕೊಲೆ. ಧೃಷ್ಟದ್ಯುಮ್ನ, ಶಿಖಂಡಿ, ದ್ರೌಪದಿಯ ಐವರು ಮಕ್ಕಳು ಸಾಯುತ್ತಾರೆ. ಇಲ್ಲಿ ದೈವವು ಕೇಳಿದ್ದನ್ನು ಕೊಡುತ್ತದೆ. ಭಕ್ತನ ಅರ್ಪಣೆಗೆ ಒಲಿಯುತ್ತದೆ. ಕಾಲವೆಂಬ ಲೆಕ್ಕವನ್ನು ಪಾಲಿಸುತ್ತದೆ. ಅಲ್ಲಿ ಅಥೀನಾ ಕೇಳದಿದ್ದುದನ್ನು ಮಾಡುತ್ತಾಳೆ, ಕಣ್ಣನ್ನು ಕಸಿದುಕೊಳ್ಳುತ್ತಾಳೆ. ಪರಿಣಾಮದಲ್ಲಿಯೂ ಎಷ್ಟು ಅಂತರವಿದೆ! ಅಶ್ವತ್ಥಾಮನು ಗೆದ್ದುದಕ್ಕಾಗಿ ಶಾಪವನ್ನು ಪಡೆಯುತ್ತಾನೆ. ಏಜಾಕ್ಸನು ಗೆಲ್ಲದೆ ಹೋದುದಕ್ಕಾಗಿ ನಾಚಿ ಸಾಯುತ್ತಾನೆ. ಒಬ್ಬನ ಕೈಯಲ್ಲಿ ಮಕ್ಕಳ ನೆತ್ತರು, ಇನ್ನೊಬ್ಬನ ಕೈಯಲ್ಲಿ ಕುರಿಗಳದು. ಮೊದಲನೆಯದು ಪಾಪದ ಕಥೆ, ಎರಡನೆಯದು ಅಪಹಾಸ್ಯದ ಕಥೆ. ಇವೆರಡನ್ನೂ ಒಂದೇ ಹೊಲಿಗೆಯಲ್ಲಿ ಸೇರಿಸಬೇಕಾದರೆ ದೇವತೆಯ ಸ್ವಭಾವವನ್ನೇ ಬದಲಿಸಬೇಕಾಗುತ್ತದೆ.

ಏಜಾಕ್ಸನು ಮಾಡಿದ ತಪ್ಪಾದರೂ ಏನು? ನಾಟಕದ ನಡುವೆ ದೂತನೊಬ್ಬನ ಬಾಯಿಂದ ಅದು ತಿಳಿಯುತ್ತದೆ. ದೇವರ ನೆರವಿದ್ದರೆ ಅಲ್ಪನೂ ಗೆದ್ದಾನು, ತಾನು ಅದಿಲ್ಲದೆಯೇ ಗೆಲ್ಲುವೆನೆಂದು ಅವನು ತಂದೆಗೆ ಹೇಳಿದ್ದನು. ಯುದ್ಧದಲ್ಲಿ ಬೆನ್ನಿಗೆ ನಿಂತ ಅಥೀನೆಗೆ, ಬೇರೆಯವರ ಬಳಿಗೆ ಹೋಗು, ಇಲ್ಲಿ ನಿನ್ನ ಅಗತ್ಯವಿಲ್ಲ ಎಂದಿದ್ದನು. ಅದಕ್ಕಾಗಿ ದೇವಿಯ ಮುನಿಸು. ಆದರೆ ದೂತನು ತರುವ ಸುದ್ದಿಯಲ್ಲಿ ಇನ್ನೊಂದು ಮಾತಿದೆ: ಆ ಮುನಿಸು ಇದೊಂದು ದಿನಕ್ಕೆ ಮಾತ್ರ. ಇಂದು ಅವನನ್ನು ಡೇರೆಯ ಒಳಗೆ ಹಿಡಿದಿಟ್ಟುಕೊಂಡರೆ ಅವನು ಬದುಕುತ್ತಾನೆ. ಒಂದು ಹಗಲಿನ ಕೋಪ! ಅದಕ್ಕೆ ಪ್ರಾಯಶ್ಚಿತ್ತವಿಲ್ಲ, ವಿಶಾಪವಿಲ್ಲ, ತಪಸ್ಸಿನಿಂದ ಕರಗಿಸುವ ಉಪಾಯವಿಲ್ಲ. ಆದರೆ ಸೂರ್ಯ ಮುಳುಗಿದರೆ ತಾನಾಗಿಯೇ ತೀರಿಹೋಗುತ್ತದೆ. ನಮ್ಮ ಪುರಾಣಗಳಲ್ಲಿ ಶಾಪಕ್ಕೆ ಅವಧಿಯುಂಟು ನಿಜ. ಆದರೆ ಆ ಅವಧಿಯು ತಪ್ಪಿಗೆ ತಕ್ಕ ತೂಕದ್ದಾಗಿರುತ್ತದೆ. ಅಶ್ವತ್ಥಾಮನಿಗೆ ಮೂರು ಸಾವಿರ ವರ್ಷ. ಅಥೀನೆಯ ಒಂದು ದಿನಕ್ಕೆ ಅಂಥ ತೂಕವಿಲ್ಲ. ಅದು ಕರ್ಮಫಲವಲ್ಲ, ಹವಾಮಾನದಂತೆ ಬಂದುಹೋಗುವ ಒಂದು ಸ್ಥಿತಿ. ಸೊಫೊಕ್ಲೀಸನ ಕರುಣೆಯೆಲ್ಲ ಆ ಒಂದು ದಿನದ ಒಳಗೆ ಅಡಗಿದೆ. ಅಥೀನೆಯ ಸ್ಥಾನದಲ್ಲಿ ನಮ್ಮ ಪುರಾಣದ ಯಾವ ದೈವವನ್ನು ನಿಲ್ಲಿಸಿದರೂ ಓದುಗನ ಮನಸ್ಸು ತನಗರಿವಿಲ್ಲದೆಯೇ ಕಾರಣವನ್ನೂ ನ್ಯಾಯವನ್ನೂ ಬಿಡುಗಡೆಯನ್ನೂ ಹುಡುಕತೊಡಗುತ್ತದೆ. ಹೆಸರಿನ ಬೆನ್ನಿಗೆ ಒಂದು ದರ್ಶನವೇ ಒಳಗೆ ಬಂದುಬಿಡುತ್ತದೆ. ‘ಅಶ್ವತ್ಥಾಮನ್’ ನಾಟಕದ ಶಕ್ತಿ ಅದರ ಮಾನುಷ ಭಾಗದಲ್ಲಿದೆಯೆಂದೂ, ಅಲ್ಲಿ ಶ್ರೀಯವರು ಮೂಲಕ್ಕೆ ಸರಿಸಮನಾಗಿ ನಿಲ್ಲುತ್ತಾರೆಂದೂ ನಾವು ಭಾವಿಸುತ್ತೇವೆ. ದೈವದ ಭಾಗದಲ್ಲಿ ಅವರು ಸೊಫೊಕ್ಲೀಸನನ್ನು ತಂದರೆನ್ನುವುದಕ್ಕಿಂತ ಅವನನ್ನು ವ್ಯಾಸರಿಗೆ ಒಪ್ಪಿಸಿದರೆನ್ನುವುದು ಹೆಚ್ಚು ಸರಿ.

‘ಪಾರಸಿಕರು’ ನಾಟಕದಲ್ಲಿ ಈ ತೊಡಕಿಲ್ಲವೆಂದು ತೋರಬಹುದು. ಕ್ರಿ.ಪೂ. 472ರಲ್ಲಿ ಪ್ರಯೋಗವಾದ ಮೂಲದಲ್ಲಿ ಯಾವ ದೇವತೆಯೂ ರಂಗಕ್ಕೆ ಬರುವುದಿಲ್ಲ. ಬರುವುದು ಸತ್ತ ದೊರೆ ದಾರಿಯಸನ ಪ್ರೇತ. ಅವನು ತನ್ನ ಮಗ ಕ್ಸೆರ್ಕ್ಸೀಸನ ಗರ್ವವನ್ನು ಹಳಿಯುತ್ತಾನೆ: ಜಲಸಂಧಿಗೆ ಸೇತುವೆ ಕಟ್ಟಿ ಪೊಸೈಡನನನ್ನೇ ಆಳಲು ಹೊರಟನಲ್ಲ ಎಂದು ಮರುಗುತ್ತಾನೆ. ಇಲ್ಲಿ ನಮ್ಮ ಗಮನಕ್ಕೆ ಬರಬೇಕಾದ ಸಂಗತಿಯೊಂದಿದೆ. ಅಹುರಮಜ್ದನನ್ನು ಪೂಜಿಸಿದ ದಾರಿಯಸನ ಬಾಯಲ್ಲಿ ಈಸ್ಕಿಲಸನು ಜ್ಯೂಸನ ಹೆಸರನ್ನೂ ಪೊಸೈಡನನ ಹೆಸರನ್ನೂ ಇಟ್ಟಿದ್ದಾನೆ. ಎಂದರೆ ಪರರ ದೇವತೆಯ ಜಾಗದಲ್ಲಿ ತಮ್ಮ ದೇವತೆಯನ್ನು ಕೂರಿಸುವ ಕೆಲಸವನ್ನು ಗ್ರೀಕರೇ ಮೊದಲು ಮಾಡಿದ್ದರು. ಹೆರೊಡೊಟಸನು ಈಜಿಪ್ಟಿನ ಅಮುನನನ್ನು ಜ್ಯೂಸನೆಂದ, ಒಸೈರಿಸನನ್ನು ಡಯೊನಿಸಸನೆಂದ. ಮೆಗಾಸ್ತನೀಸನು ಭಾರತಕ್ಕೆ ಬಂದು ಇಲ್ಲಿಯ ಜನ ಡಯೊನಿಸಸನನ್ನೂ ಹೆರಾಕ್ಲೀಸನನ್ನೂ ಆರಾಧಿಸುವರೆಂದು ಬರೆದ. ಆದುದರಿಂದ ಶ್ರೀಯವರ ‘ಅಶ್ವತ್ಥಾಮನ್’ ಅನ್ನು ಗ್ರೀಕ್ ಮನೋಧರ್ಮಕ್ಕೆ ದ್ರೋಹವೆಂದು ಯಾರಾದರೂ ಹೇಳಿದರೆ, ಅದಕ್ಕಿಂತ ಹೆಚ್ಚು ಗ್ರೀಕ್ ಆದ ಕೆಲಸ ಇನ್ನೊಂದಿಲ್ಲವೆಂದು ಉತ್ತರ ಕೊಡಬಹುದು!

ಹಾಗಾದರೆ ಹೆಸರನ್ನು ಉಳಿಸಿಕೊಂಡರೆ ಸಾಕೆ? ಸಾಲದು. ಉಳಿಸಿಕೊಂಡ ಹೆಸರು ಕನ್ನಡದ ಕಿವಿಗೆ ಬರಿಯ ಸದ್ದು. ಆರ್ಟೆಮಿಸ್ ಎಂದಾಗ ಏಥೆನ್ಸಿನ ಪ್ರೇಕ್ಷಕನ ಕಣ್ಣೆದುರಿಗೆ ಊರಿನ ಗುಡಿ, ಬಾಲ್ಯದ ಹಬ್ಬ, ಹೆರಿಗೆಯ ಹರಕೆ ಬರುತ್ತಿದ್ದುವು. ನಮ್ಮವನ ಕಣ್ಣೆದುರಿಗೆ ಬರುವುದು ಅಡಿಟಿಪ್ಪಣಿ. ದೇಶೀಯ ಹೆಸರು ಅರ್ಥವನ್ನು ಮಿತಿಮೀರಿ ತುಂಬುತ್ತದೆ, ವಿದೇಶೀಯ ಹೆಸರು ಅರ್ಥವನ್ನು ಬರಿದುಮಾಡುತ್ತದೆ.

ಇದಕ್ಕೊಂದು ಉದಾಹರಣೆಯನ್ನು ನಮ್ಮ ನಗರದಿಂದಲೇ ಕೊಡಬಹುದು. ಬೆಂಗಳೂರಿನ ಪಶ್ಚಿಮಕ್ಕೆ ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯವೆಂಬ ಬಡಾವಣೆಯಿದೆ. ಹೆಸರಿನೊಳಗೆ ದೇವಿಯಿದ್ದಾಳೆ, ದೇವಿಯ ಹೆಸರಿನೊಳಗೆ ಕಾಮವಿದೆ, ಕಣ್ಣಿದೆ. ಪದಶಃ ನೋಡುವ ಗ್ರೀಕ್ ಪ್ರವಾಸಿಯೊಬ್ಬನು ಇದನ್ನು ಅಫ್ರೊಡೈಟಿಯ ಪಾಳೆಯವೆಂದು ಬರೆದುಕೊಂಡು ಹೋಗುತ್ತಿದ್ದನು. ಆದರೆ ದಿನವೂ ಅಲ್ಲಿ ಬಸ್ಸಿನಿಂದ ಇಳಿದು ಕಾರ್ಖಾನೆಯ ಕೆಲಸಕ್ಕೆ ಹೋಗುವ ಯಾರ ಕಿವಿಗೂ ಆ ಹೆಸರಿನಲ್ಲಿ ಕಾಮ ಕೇಳಿಸುವುದಿಲ್ಲ. ಕಾಮಾಕ್ಷಿಯೆಂದರೆ ಕಂಚಿಯ ತಾಯಿ, ಮುತ್ತೈದೆತನದ ಹಾರೈಕೆ, ಮನೆಯ ಹೆಣ್ಣುಮಗುವಿಗೆ ಇಡುವ ಹೆಸರು. ದೇವತೆಯ ಅರ್ಥ ನಿಘಂಟಿನಲ್ಲಿಲ್ಲ, ಬಳಕೆಯಲ್ಲಿದೆ. ಅಫ್ರೊಡೈಟಿಯನ್ನು ‘ಕಾಮದೇವಿ’ ಎಂದು ಕನ್ನಡಿಸುವವರು ಇದನ್ನು ಆಲೋಚಿಸುವುದು ಒಳ್ಳೆಯದು.

ಅಫ್ರೊಡೈಟಿಯ ಮಾತು ಬಂದುದರಿಂದ ಯೂರಿಪಿಡೀಸನ ‘ಹಿಪ್ಪಾಲಿಟಸ್’ ನಾಟಕವನ್ನು ನೋಡಬಹುದು. ಗ್ರೀಕ್ ದೇವತೆಯ ಶಕ್ತಿಯೂ ಮಿತಿಯೂ ಅಷ್ಟು ಬಿಚ್ಚಿ ಕಾಣುವ ಕೃತಿ ಬೇರೆ ಇಲ್ಲ. ಕ್ರಿ.ಪೂ. 428ರ ಆ ನಾಟಕದ ಆರಂಭದಲ್ಲಿ ಅಫ್ರೊಡೈಟಿ ಬಂದು, ತನ್ನನ್ನು ಕಡೆಗಣಿಸಿ ಆರ್ಟೆಮಿಸಳೊಬ್ಬಳನ್ನೇ ಪೂಜಿಸುವ ತರುಣ ಹಿಪ್ಪಾಲಿಟಸನನ್ನು ಇಂದೇ ಕೊಲ್ಲಿಸುವೆನೆಂದು ಸಾರುತ್ತಾಳೆ. ಅದಕ್ಕೆ ಅವನ ಮಲತಾಯಿ ಫೀಡ್ರಾ ಸಾಧನವಾಗುತ್ತಾಳೆ. ಅವಳು ನಿರಪರಾಧಿಯೆಂಬುದು ದೇವಿಗೆ ಗೊತ್ತು. ಆದರೂ ಸಾಯಲಿ ಎನ್ನುತ್ತಾಳೆ. ಕೊನೆಯಲ್ಲಿ ಆರ್ಟೆಮಿಸ್ ಬಂದು, ತನ್ನ ಭಕ್ತನು ಪ್ರಾಣ ಬಿಡುತ್ತಿರುವಾಗ, ತಾನೇಕೆ ಕಾಪಾಡಲಿಲ್ಲವೆಂಬುದನ್ನು ವಿವರಿಸುತ್ತಾಳೆ: ಒಬ್ಬ ದೇವತೆಯ ಇಚ್ಛೆಗೆ ಇನ್ನೊಬ್ಬರು ಅಡ್ಡಬರಬಾರದೆಂಬುದು ದೇವತೆಗಳಲ್ಲಿ ಕಟ್ಟಳೆ. ಬದಲಿಗೆ ಅಫ್ರೊಡೈಟಿಗೆ ಪ್ರಿಯನಾದ ಒಬ್ಬ ಮನುಷ್ಯನನ್ನು ತಾನೂ ಕೊಲ್ಲುವೆನೆಂದು ಸಮಾಧಾನ ಹೇಳಿ, ಸಾವನ್ನು ನೋಡುವುದು ದೇವತೆಗಳಿಗೆ ಸಲ್ಲದೆಂದು ಎದ್ದು ಹೊರಟುಹೋಗುತ್ತಾಳೆ. ಉಳಿಯುವವರು ತಂದೆ ಮತ್ತು ಸಾಯುತ್ತಿರುವ ಮಗ. ಮಗನು ತಂದೆಯನ್ನು ಕ್ಷಮಿಸುತ್ತಾನೆ. ದೇವತೆಗೆ ಸಾಧ್ಯವಾಗದ ಕ್ಷಮೆ ಮನುಷ್ಯನಿಗೆ ಸಾಧ್ಯವಾಗುತ್ತದೆ.

ಇಲ್ಲಿ ರತಿಮನ್ಮಥರು ಏನೂ ನೆರವಾಗಲಾರರು. ಹರಿಹರನ ‘ಗಿರಿಜಾಕಲ್ಯಾಣ’ದಲ್ಲಿರುವಂತೆ ನಮ್ಮ ಪುರಾಣದ ಕಾಮನು ಶಿವನ ಕಣ್ಣಿಗೆ ಸುಟ್ಟು ಬೂದಿಯಾಗುವವನು, ಅಫ್ರೊಡೈಟಿ ಇತರರನ್ನು ಸುಡುವವಳು. ಹಾಗೆಂದು ಕನ್ನಡದಲ್ಲಿ ಅಂಥ ಕಾಮಶಕ್ತಿಯ ಅರಿವೇ ಇಲ್ಲವೆನ್ನುವಂತಿಲ್ಲ. 1209ರಲ್ಲಿ ಮುಗಿದ ಜನ್ನನ ‘ಯಶೋಧರಚರಿತೆ’ಯನ್ನು ನೆನೆಯೋಣ. ರಾಣಿ ಅಮೃತಮತಿ ರಾತ್ರಿಯಲ್ಲಿ ಕೇಳಿದ ಹಾಡಿಗೆ ಮನಸೋತು ವಿಕಾರರೂಪಿಯಾದ ಮಾವುತನನ್ನು ಬಯಸುತ್ತಾಳೆ. ರೂಪವಂತನಾದ ಗಂಡನಿದ್ದೂ ಹೀಗೇಕಾಯಿತೆಂಬುದಕ್ಕೆ ಜನ್ನನು ಕೊಡುವ ಕಾರಣ ಅವಳ ಶೀಲವೊಂದೇ ಅಲ್ಲ. ಮನಸಿಜನೂ ವಿಧಿಯೂ ಕೈಗೂಡಿಸಿದ ಒಂದು ಕಾರಸ್ಥಾನವನ್ನು ಅವನು ಕಾಣುತ್ತಾನೆ. ಅಲ್ಲಿ ಮನಸಿಜನೆಂಬುದು ಪೂಜೆಯ ದೇವತೆಯಲ್ಲ, ಅಲಂಕಾರದ ಹೂಬಾಣದವನೂ ಅಲ್ಲ. ಮನುಷ್ಯನನ್ನು ಹಿಡಿದು ನಾಶಮಾಡುವ, ನಾಶವಾದವನ ಬಗೆಗೆ ಏನೂ ಅನಿಸದ ಒಂದು ಬಲ. ಫೀಡ್ರೆಯ ರೋಗ ಅಮೃತಮತಿಯ ರೋಗಕ್ಕೆ ಬಹಳ ಹತ್ತಿರವಾದುದು. ಭೇದವೂ ಉಂಟು: ಫೀಡ್ರೆ ಹೇಳಲಾರದೆ ಸಾಯುತ್ತಾಳೆ, ಅಮೃತಮತಿ ಹೇಸದೆ ಬಾಳುತ್ತಾಳೆ. ಜನ್ನನು ಮುಂದೆ ಕಥೆಯನ್ನು ಜನ್ಮಾಂತರಗಳಿಗೆ ಒಯ್ದು ಹಿಂಸೆಯ ಫಲವನ್ನು ತೋರಿಸಿದನೆಂಬುದೂ ನಿಜ. ಆದರೆ ಆ ರಾತ್ರಿಯ ಹಾಡಿನ ಮಟ್ಟಿಗೆ ಅವನು ಯೂರಿಪಿಡೀಸನ ನೆರೆಯವನು.

ಜನ್ನನು ಜೈನ. ಇದು ಆಕಸ್ಮಿಕವಲ್ಲವೆಂಬುದು ನಮ್ಮ ವಾದ. ಪಂಪನು 941ರ ಸುಮಾರಿನಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆಯುವಾಗ ತನ್ನ ಶ್ರದ್ಧೆಯ ದೇವರನ್ನು ‘ಆದಿಪುರಾಣ’ಕ್ಕೆ ಮೀಸಲಿಟ್ಟು, ಭಾರತದ ದೇವತೆಗಳನ್ನು ಲೌಕಿಕ ಕಾವ್ಯದ ಪಾತ್ರಗಳಾಗಿ ನಡೆಸಿಕೊಂಡನು. ಇಂದ್ರನೂ ಕೃಷ್ಣನೂ ಶಿವನೂ ಅಲ್ಲಿ ಬರುತ್ತಾರೆ. ಕಥೆಗೆ ಬೇಕಾದಷ್ಟು ಪ್ರತಾಪವನ್ನು ತೋರುತ್ತಾರೆ. ಕವಿ ಅವರನ್ನು ಹೀಯಾಳಿಸುವುದಿಲ್ಲ, ಅವರಿಗೆ ಶರಣಾಗುವುದೂ ಇಲ್ಲ. ರನ್ನನ ದುರ್ಯೋಧನನು ವೈಶಂಪಾಯನ ಸರೋವರದ ದಾರಿಯಲ್ಲಿ ಹೆಣಗಳ ನಡುವೆ ನಡೆಯುವಾಗ ಅವನನ್ನು ಮುತ್ತುವುದು ವಿಧಿ; ಆ ವಿಧಿಗೆ ಒಲಿಸಿಕೊಳ್ಳಬಹುದಾದ ಮುಖವಿಲ್ಲ. ತಾನು ಪೂಜಿಸದ ದೇವತೆಗಳನ್ನು ಕಾವ್ಯದಲ್ಲಿ ಗೌರವದಿಂದಲೂ ನಿರ್ಮೋಹದಿಂದಲೂ ಬಳಸುವ ವಿದ್ಯೆ ಕನ್ನಡಕ್ಕೆ ಹತ್ತನೆಯ ಶತಮಾನದಲ್ಲಿಯೇ ಬಂದಿತ್ತು. ಗ್ರೀಕ್ ನಾಟಕವನ್ನು ಕನ್ನಡಿಸುವವನಿಗೆ ಬೇಕಾದ ವಿದ್ಯೆ ಇದೇ. ಶ್ರೀಯವರು ರನ್ನನಿಂದ ರುದ್ರನಾಟಕದ ದನಿಯನ್ನು ಕಲಿತರು. ಅದೇ ಗುರುವಿನಿಂದ ದೈವವನ್ನು ನಡೆಸಿಕೊಳ್ಳುವ ರೀತಿಯನ್ನೂ ಕಲಿಯುವ ಅವಕಾಶ ಅವರಿಗಿತ್ತು. ನಮ್ಮ ವಿಮರ್ಶೆ ಜೈನ ಕವಿಗಳ ಈ ಗುಣವನ್ನು ಮತಸಹಿಷ್ಣುತೆಯ ಶೀರ್ಷಿಕೆಯ ಕೆಳಗೆ ಹೊಗಳಿ ಸುಮ್ಮನಾಗಿರುವುದು ವಿಷಾದದ ಸಂಗತಿ. ಅದು ಸಹಿಷ್ಣುತೆಗಿಂತ ಹೆಚ್ಚಾಗಿ ಒಂದು ಕಾವ್ಯತಂತ್ರ.

ಪುಸ್ತಕದ ಪರಂಪರೆಯನ್ನು ಬಿಟ್ಟು ಊರಿನ ಪರಂಪರೆಗೆ ಬಂದರೆ ಗ್ರೀಕ್ ದೇವತೆಗಳಿಗೆ ಇನ್ನೊಂದು ನೆರೆ ಸಿಕ್ಕುತ್ತದೆ. ಪಿ. ಲಂಕೇಶರು ಕನ್ನಡಿಸಿದ ಸೊಫೊಕ್ಲೀಸನ ‘ಈಡಿಪಸ್’ ನಾಟಕವನ್ನು ಬಿ. ವಿ. ಕಾರಂತರು 1972ರಲ್ಲಿ ಬೆಂಗಳೂರಿನಲ್ಲಿ ಬಯಲಿನಲ್ಲಿ ಆಡಿಸಿದರು. ಆ ಪ್ರಯೋಗ ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಪಡೆದ ಸ್ಥಾನವನ್ನು ಬಲ್ಲವರು ಅದರ ಯಶಸ್ಸಿಗೆ ನಟನೆ, ಸಂಯೋಜನೆ, ಮಾತಿನ ಕಸುವು ಮುಂತಾದ ಕಾರಣಗಳನ್ನು ಹೇಳುತ್ತಾರೆ. ಅವುಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕೆಂದು ನಮಗೆ ತೋರುತ್ತದೆ. ನಾಟಕ ತೆರೆಯುವುದು ಒಂದು ಪಿಡುಗಿನ ಊರಿನಲ್ಲಿ. ಬೆಳೆ ಒಣಗಿದೆ, ದನ ಸಾಯುತ್ತಿದೆ, ಹೆರಿಗೆಗಳು ಸತ್ತು ಹುಟ್ಟುತ್ತಿವೆ. ಜನ ದೊರೆಯ ಬಾಗಿಲಿಗೆ ಬಂದಿದ್ದಾರೆ. ದೇವರ ಬಾಯಿಂದ ಕಾರಣವನ್ನು ಕೇಳಿ ತಿಳಿಯಲು ಒಬ್ಬನು ಹೋಗಿದ್ದಾನೆ. ಊರಿನಲ್ಲಿ ಎಲ್ಲಿಯೋ ಒಂದು ಮೈಲಿಗೆಯಿದೆ, ಅದನ್ನು ಕಂಡುಹಿಡಿದು ಹೊರಹಾಕಬೇಕು ಎಂಬ ಮಾತನ್ನು ಅವನು ತರುತ್ತಾನೆ. ಇದಿಷ್ಟರಲ್ಲಿ ಕನ್ನಡನಾಡಿನ ಹಳ್ಳಿಯವನಿಗೆ ಅಪರಿಚಿತವಾದುದು ಒಂದೂ ಇಲ್ಲ. ಪಿಡುಗು ಬಂದರೆ ಮಾರಿ ಮುನಿದಳೆಂದು ತಿಳಿದು, ಮೈಮೇಲೆ ಬಂದವರ ಬಾಯಿಂದ ಕಾರಣ ಕೇಳಿ, ಊರ ಗಡಿಯಾಚೆಗೆ ಕೆಡುಕನ್ನು ಸಾಗಿಸುವುದು ಅವನು ಕಂಡ ಕ್ರಮವೇ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಅದಕ್ಕೊಂದು ಅಮ್ಮನನ್ನು ಕಂಡುಕೊಂಡರು. ಪ್ಲೇಗಿನಮ್ಮನ ಹೆಸರಿನ ಗುಡಿಗಳು ನಗರದಲ್ಲಿ ಉಳಿದುಬಂದಿವೆ. ರೋಗವನ್ನು ತಂದವಳೂ ಅವಳೇ, ಒಯ್ಯುವವಳೂ ಅವಳೇ. ‘ಇಲಿಯಡ್’ ಕಾವ್ಯದ ಮೊದಲ ಸಂಧಿಯಲ್ಲಿ ಪೂಜಾರಿಗೆ ಆದ ಅವಮಾನಕ್ಕಾಗಿ ಅಪೊಲೊ ಇಳಿದುಬಂದು ಒಂಬತ್ತು ದಿನ ಬಾಣ ಬಿಡುತ್ತಾನೆ. ಮೊದಲು ಹೇಸರಗತ್ತೆಗಳು, ನಾಯಿಗಳು, ಅನಂತರ ಮನುಷ್ಯರು ಬೀಳುತ್ತಾರೆ. ರೋಗವನ್ನು ಗುಣಪಡಿಸುವ ದೇವರೂ ಅವನೇ. ಅಲ್ಲಿ ಅವನನ್ನು ಕರೆಯುವ ಹೆಸರುಗಳಲ್ಲಿ ಸ್ಮಿಂಥ್ಯೂಸ್ ಎಂಬುದೊಂದು. ಪ್ರಾಚೀನ ವ್ಯಾಖ್ಯಾನಕಾರರು ಅದಕ್ಕೆ ಇಲಿಗಳ ಒಡೆಯನೆಂದು ಅರ್ಥ ಹೇಳಿದರು. ಇಲಿ ಬಿದ್ದ ಮನೆಯನ್ನು ಬಿಟ್ಟು ಗುಡಿಸಲಿಗೆ ಓಡಿದ ಬೆಂಗಳೂರಿನ ಹಿರಿಯರಿಗೆ ಆ ಬಿರುದಿನ ಅರ್ಥವನ್ನು ವಿವರಿಸಬೇಕಾಗಿರಲಿಲ್ಲ. ಅಂತೆಯೇ, ಕ್ಯಾಲಿಡಾನಿನ ದೊರೆ ಸುಗ್ಗಿಯ ಪೂಜೆಯಲ್ಲಿ ಎಲ್ಲ ದೇವತೆಗಳಿಗೂ ಒಪ್ಪಿಸಿ ಆರ್ಟೆಮಿಸಳೊಬ್ಬಳನ್ನು ಮರೆತುದಕ್ಕೆ ಅವಳು ಕಾಡುಹಂದಿಯನ್ನು ಬಿಟ್ಟು ಹೊಲತೋಟಗಳನ್ನು ಹಾಳುಗೆಡವಿದಳೆಂಬ ಕಥೆ. ಅವಳಿಗೆ ಬೇಕಾದುದು ದೊರೆಯ ಒಳ್ಳೆಯತನವಲ್ಲ, ತನ್ನ ನೆನಪು. ಗ್ರಾಮದೇವತೆಯ ಹಬ್ಬವನ್ನು ಬಿಟ್ಟ ಊರಿಗೆ ಕೇಡಾಯಿತೆಂಬ ಕಥೆಗಳೂ ಇದನ್ನೇ ಹೇಳುತ್ತವೆ. ಜ್ಯೂಸನನ್ನು ಇಂದ್ರನೊಡನೆ ಹೋಲಿಸಿ ದಣಿಯುವ ಬದಲು ನಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಊರಹಬ್ಬಕ್ಕೆ ಕರೆದುಕೊಂಡು ಹೋದರೆ ಪಾಠ ಬೇಗ ಮುಗಿದೀತು.

ಅಪೊಲೊನೇ ಮಾರಮ್ಮ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮೊದಲು ಖಂಡಿಸಿದ ದೋಷ ನಮಗೇ ಅಂಟುತ್ತದೆ. ಮಾರಮ್ಮನಿಗೆ ಬಲಿ ಸಂದರೆ ಊರು ಚೇತರಿಸಿಕೊಳ್ಳುತ್ತದೆ, ಕಥೆ ಮುಗಿಯುತ್ತದೆ. ಥೀಬ್ಸಿನ ಕಥೆ ಅಲ್ಲಿಂದ ಪ್ರಾರಂಭವಾಗುತ್ತದೆ. ನಡುವೆ ಒಂದು ದೃಶ್ಯವಿದೆ: ಗಂಡನ ಕಳವಳವನ್ನು ನೋಡಲಾರದೆ ಜೊಕಾಸ್ಟೆ ಮಾಲೆಯನ್ನೂ ಧೂಪವನ್ನೂ ತಂದು ಮನೆಯ ಬಾಗಿಲಲ್ಲಿರುವ ಅಪೊಲೊನ ಪೀಠಕ್ಕೆ ಅರ್ಪಿಸಿ ಬಿಡುಗಡೆಯನ್ನು ಬೇಡುತ್ತಾಳೆ. ಅವಳ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕಾರಿಂಥಿನಿಂದ ದೂತನು ಬಂದು ನಿಲ್ಲುತ್ತಾನೆ. ಅವನು ತರುವ ಸಂತೋಷದ ಸುದ್ದಿಯೇ ಅವಳನ್ನು ನೇಣಿಗೆ ಒಯ್ಯುತ್ತದೆ. ಅಪೊಲೊ ಪ್ರಾರ್ಥನೆಯನ್ನು ಕೇಳಿದನೆ, ಕೇಳಲಿಲ್ಲವೆ? ಸೊಫೊಕ್ಲೀಸನು ಒಂದು ಮಾತನ್ನೂ ಆಡುವುದಿಲ್ಲ. ದೇವತೆ ರಂಗದ ಮೇಲೆ ಬಾರದೆ, ಹೆಸರಿನಲ್ಲಿಯೂ ಪೀಠದಲ್ಲಿಯೂ ಮಾತ್ರ ಇದ್ದು, ಎಲ್ಲವನ್ನೂ ನಡೆಸುವ ಈ ರೀತಿಯಲ್ಲಿ ಗ್ರೀಕ್ ದೈವವು ಕನ್ನಡಕ್ಕೆ ಅತ್ಯಂತ ಕಡಿಮೆ ನಷ್ಟದಿಂದ ದಾಟಿಬರುತ್ತದೆ. ಕಾಣದಿರುವ ದೇವರಿಗೆ ವೇಷ ತೊಡಿಸಬೇಕಾಗಿಲ್ಲ. ಅಥೀನಾ ರಂಗದ ಮೇಲೆ ನಿಂತು ಮಾತನಾಡುವ ‘ಏಜಾಕ್ಸ್’ ನಾಟಕಕ್ಕೆ ರೂಪಾಂತರ ಬೇಕಾದುದೂ, ಅಪೊಲೊ ಕಾಣಿಸದ ‘ಈಡಿಪಸ್’ ಹೆಸರುಗಳನ್ನು ಬದಲಿಸದೆಯೇ ಬಯಲಿನಲ್ಲಿ ನಿಂತುದೂ ಈ ಕಾರಣದಿಂದಲೇ ಇರಬೇಕು.

ಇಷ್ಟು ಹೊತ್ತು ಗ್ರೀಕ್ ದೇವತೆಗಳು ನಮ್ಮಲ್ಲಿಗೆ ಬಂದ ಬಗೆಯನ್ನು ನೋಡಿದೆವು. ನಮ್ಮ ದೇವತೆಯೊಬ್ಬಳು ಗ್ರೀಕ್ ರಂಗಕ್ಕೆ ಹೋದುದಕ್ಕೆ ಇರಬಹುದಾದ ಒಂದೇ ನಿದರ್ಶನವನ್ನೂ ನೋಡಬೇಕು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಗ್ರೆನ್ಫೆಲ್ ಮತ್ತು ಹಂಟ್ ಪ್ರಕಟಿಸಿದ 413ನೆಯ ಪಪೈರಸ್ ಹಾಳೆಯಲ್ಲಿ ಒಂದು ಪ್ರಹಸನವಿದೆ. ಹಿಂದೂಸಮುದ್ರದ ತೀರದ ಯಾವುದೋ ನಾಡಿನಲ್ಲಿ, ದೇವಿಯ ಗುಡಿಯೊಂದರಲ್ಲಿ ಸೆರೆಯಾಗಿರುವ ಕ್ಯಾರಿಟಿಯಾನ್ ಎಂಬ ಗ್ರೀಕ್ ತರುಣಿ, ಅವಳನ್ನು ಬಿಡಿಸಲು ಹಡಗಿನಲ್ಲಿ ಬಂದ ಅಣ್ಣ, ಒಬ್ಬ ವಿದೂಷಕ, ನೀರು ಬೆರೆಸದ ಮದ್ಯವನ್ನು ಕುಡಿದು ಮತ್ತನಾಗುವ ದೊರೆ. ಯೂರಿಪಿಡೀಸನ ‘ಟಾರಿಸಿನ ಇಫಿಜೀನಿಯಾ’ ನಾಟಕದ ಅಣಕು ಇದೆಂಬುದು ಸ್ಪಷ್ಟ. ದೊರೆಯೂ ಅವನ ಕಡೆಯವರೂ 1904ರಲ್ಲಿ ಹುಲ್ಟ್ಜ್ ಎಂಬ ಪಂಡಿತನು ಕನ್ನಡವೆಂದು ಊಹಿಸಿದ ಭಾಷೆಯೊಂದರಲ್ಲಿ ಮಾತನಾಡುತ್ತಾರೆ. ಆರ್. ಶಾಮಶಾಸ್ತ್ರಿಗಳು, ಎಂ. ಗೋವಿಂದ ಪೈಗಳು, ಬಿ. ಎ. ಸಾಲೆತೊರೆಯವರು ಈ ಊಹೆಯನ್ನು ಬೆಳೆಸಿದರು. ಬಾರ್ನೆಟ್ಟನು 1926ರಲ್ಲಿ ಒಪ್ಪಲಿಲ್ಲ. ಅದು ತುಳುವೆಂಬ ವಾದವೂ ಅನಂತರ ಬಂದಿತು. ಅಕ್ಷರಗಳ ಮಟ್ಟಿಗೆ ಯಾರ ಪಕ್ಷವೂ ನಿರ್ಣಾಯಕವಾಗಿಲ್ಲವೆಂದು ನಮ್ಮ ಮತ. ಹಡಗುಗಳ ಸಂಪರ್ಕವಂತೂ ಸುಳ್ಳಲ್ಲ. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸರ ಬೆಳ್ಳಿಯ ನಾಣ್ಯಗಳು, ಮೇಲೆ ಹೇಳಿದ ಕಾಮಾಕ್ಷಿಪಾಳ್ಯಕ್ಕೆ ದೂರವಲ್ಲದ ಯಶವಂತಪುರದ ಮಣ್ಣಿನಲ್ಲಿಯೇ ಸಿಕ್ಕಿವೆ.

ಭಾಷೆಯ ಜಗಳದಲ್ಲಿ ಗುಡಿಯ ದೇವಿಯ ಕಡೆಗೆ ವಿದ್ವಾಂಸರ ದೃಷ್ಟಿ ಹೆಚ್ಚಾಗಿ ಹರಿದಂತಿಲ್ಲ. ಪ್ರಹಸನಕಾರನು ಅವಳನ್ನು ಸೆಲೀನಿ ಎಂದು ಕರೆಯುತ್ತಾನೆ. ಗ್ರೀಕರಿಗೆ ಅದು ಚಂದ್ರದೇವತೆಯ ಹೆಸರು. ಅಮಲೇರಿದ ದೊರೆ ಅವಳ ಮುಂದೆ ತನ್ನ ಪರಿವಾರದೊಡನೆ ಕುಣಿಯುತ್ತಾನೆ. ನಮ್ಮ ಕರಾವಳಿಯ ಯಾವುದೋ ಅಮ್ಮನಿಗೆ, ಅವಳು ಇದ್ದುದೇ ಆದರೆ, ನಾವಿಕನೊಬ್ಬನು ತನಗೆ ತಿಳಿದ ಹೆಸರನ್ನಿಟ್ಟುಕೊಂಡು ಹೋಗಿರಬೇಕು. ಶ್ರೀಯವರು ಏಜಾಕ್ಸನಿಗೆ ಮಾಡಿದುದನ್ನು ಅವನು ಆ ಅಮ್ಮನಿಗೆ ಮಾಡಿದನು. ಪ್ರಹಸನವಾದುದರಿಂದ ಅಲ್ಲಿ ಎಲ್ಲವೂ ನಗೆಗೆ ಈಡಾಗುತ್ತದೆ: ದೊರೆಯ ಭಾಷೆ, ಕುಡಿತ, ಕುಣಿತ, ವಿದೂಷಕನ ಹೊಟ್ಟೆ. ಒಂದು ಕಡೆ ಮಾತ್ರ ನಗೆ ನಿಲ್ಲುತ್ತದೆ. ಓಡಿಹೋಗುವ ಮುನ್ನ ದೇವಿಯ ಕಾಣಿಕೆಗಳನ್ನೂ ದೋಚಿಕೊಂಡು ಹೋಗೋಣವೆಂದು ವಿದೂಷಕನು ಸೂಚಿಸುತ್ತಾನೆ. ಕ್ಯಾರಿಟಿಯಾನ್ ಅವನನ್ನು ತಡೆಯುತ್ತಾಳೆ. ಕಾಪಾಡಬೇಕೆಂದು ಬೇಡುವವರು ಪಾಪಮಾಡಿ ಬೇಡಿದರೆ ದೇವತೆಗಳು ಹೇಗೆ ಕೇಳಿಯಾರು ಎಂಬುದು ಅವಳ ಆಕ್ಷೇಪ. ಅವಳು ಭಯಪಡುವುದು ತನ್ನನ್ನು ಸೆರೆಯಲ್ಲಿಟ್ಟ ಜನರ ದೇವಿಗೆ. ಬೇಡಿಕೊಳ್ಳುವುದೂ ಪ್ರಾಯಶಃ ಅವಳನ್ನೇ.